ರಜೆಗೆ ಕಾಯದ ಕಣ್ಣು

ಸಂಯುಕ್ತ ಅರಬ್ ಸಂಸ್ಥಾನದ ದುಬೈ ಮತ್ತು ಅಬುಧಾಬಿಗಳಲ್ಲಿ ದುಡಿಯುವ ಕನ್ನಡಿಗರ ಆರೋಗ್ಯದ ಲೆಕ್ಕಾಚಾರ ಬಹುಮಟ್ಟಿಗೆ ಊರಿನ ರಜೆಯ ಸುತ್ತಲೇ ನಡೆಯುತ್ತದೆ. ಹಲ್ಲಿನ ಕೆಲಸ, ಮಂಡಿನೋವು, ರಕ್ತಪರೀಕ್ಷೆ, ಹೊಸ ಕನ್ನಡಕ ಇವೆಲ್ಲವನ್ನೂ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮಂಗಳೂರು, ಉಡುಪಿ, ಭಟ್ಕಳ ಅಥವಾ ಬೆಂಗಳೂರಿಗೆ ಹೋದಾಗ ಮುಗಿಸಿಕೊಂಡು ಬಂದರಾಯಿತು ಎಂಬ ತೀರ್ಮಾನಕ್ಕೆ ಖರ್ಚಿನ ಕಾರಣವೂ ಇದೆ, ಭಾಷೆಯ ಕಾರಣವೂ ಇದೆ, ಪರಿಚಿತ ವೈದ್ಯರ ಮೇಲಿನ ಭರವಸೆಯೂ ಇದೆ. ಹಲ್ಲಿನ ವಿಷಯದಲ್ಲಿ ಇದರಿಂದ ಆಗುವ ಹಾನಿ ಸಾಮಾನ್ಯವಾಗಿ ಅಲ್ಪ. ಕಣ್ಣಿನ ವಿಷಯ ಹಾಗಲ್ಲ. ದುಡಿಯುವ ವಯಸ್ಸಿನವರ ದೃಷ್ಟಿಯನ್ನು ಕಸಿದುಕೊಳ್ಳುವುದರಲ್ಲಿ ಮುಂದಿರುವ ಎರಡು ರೋಗಗಳು, ಅಂದರೆ ಸಕ್ಕರೆ ಕಾಯಿಲೆಯಿಂದ ಬರುವ ರೆಟಿನಾದ ಹಾನಿ ಮತ್ತು ಗ್ಲಾಕೋಮಾ, ನೋವು ಕೊಡದೆ, ಕಣ್ಣು ಕೆಂಪಾಗಿಸದೆ, ಓದುಬರಹಕ್ಕೆ ಅಡ್ಡಿ ಮಾಡದೆ ವರ್ಷಗಟ್ಟಲೆ ಬೆಳೆಯುತ್ತವೆ. ಅವು ಕೊಂಡೊಯ್ದುದನ್ನು ರಜೆಯಲ್ಲಿ ಸಿಗುವ ಎಂಥ ನಿಪುಣ ವೈದ್ಯರೂ ಮರಳಿ ತಂದುಕೊಡಲಾರರು.

ಕಾಯಬಹುದು ಎಂಬ ಈ ನಂಬಿಕೆ ಅಜ್ಞಾನದಿಂದ ಹುಟ್ಟಿದ್ದಲ್ಲ, ಕರ್ನಾಟಕದ ಒಂದು ಒಳ್ಳೆಯ ನೆನಪಿನಿಂದ ಹುಟ್ಟಿದ್ದು ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಇತಿಹಾಸ 1896ಕ್ಕೆ ಹೋಗುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಬೀಳಗಿಯ ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಗಳಲ್ಲಿ ನಡೆಸಿದ ಉಚಿತ ಶಿಬಿರಗಳು ಕಣ್ಣಿನ ಚಿಕಿತ್ಸೆಯನ್ನು ಬಡವರ ಮನೆಬಾಗಿಲಿಗೆ ತಂದವು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ ಅವರು 833 ಜನರ ಕಣ್ಣಿನ ಪೊರೆ ತೆಗೆದದ್ದು ವಿಶ್ವದಾಖಲೆಯಾಯಿತು, ಜನ ಅವರನ್ನು ಕಣ್ಣು ಕೊಟ್ಟ ಅಣ್ಣ ಎಂದು ಕರೆದರು. ಕಣ್ಣಿನ ಪೊರೆ ಎಂದರೆ ಕಣ್ಣೊಳಗಿನ ಪಾರದರ್ಶಕ ಮಸೂರ ವಯಸ್ಸಾದಂತೆ ಮಸುಕಾಗುವುದು. ಮಬ್ಬಾದ ಕಿಟಕಿಯ ಗಾಜನ್ನು ಬದಲಿಸಿದಂತೆ ಆ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಕೂರಿಸಿದರೆ, ಹಿಂದಿನ ಭಾಗಗಳು ಆರೋಗ್ಯವಾಗಿದ್ದಲ್ಲಿ, ನೋಟ ಮರಳುತ್ತದೆ. ಈ ವರ್ಷ ಆಗದಿದ್ದರೆ ಬರುವ ವರ್ಷ ಮಾಡಿಸಿದರೂ ಬಹುತೇಕ ಅದೇ ಫಲ ಸಿಗುತ್ತದೆ. ಅಜ್ಜ ಅಜ್ಜಿಯರು ಶಿಬಿರದಿಂದ ಮರಳಿ ಮೊಮ್ಮಕ್ಕಳ ಮುಖ ಕಂಡದ್ದನ್ನು ನೋಡಿ ಬೆಳೆದ ಪೀಳಿಗೆಗೆ ಕಣ್ಣಿನ ರೋಗವೆಂದರೆ ಕಾದರೂ ಗುಣವಾಗುವ ರೋಗ ಎಂಬ ಭಾವನೆ ಬೇರೂರಿದ್ದರೆ ಅಚ್ಚರಿಯಿಲ್ಲ.

ಇನ್ನೊಂದು ತಪ್ಪು ಭರವಸೆಯೂ ಅಷ್ಟೇ ಉದಾತ್ತವಾದ ಮೂಲದಿಂದ ಬಂದದ್ದು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಮತ್ತು 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನೇತ್ರದಾನದ ನಂತರ ಕನ್ನಡಿಗರಲ್ಲಿ ಕಣ್ಣು ದಾನ ಮಾಡುವ ಉತ್ಸಾಹ ಎಷ್ಟು ಹೆಚ್ಚಿತೆಂದರೆ, ಹಾಳಾದ ಕಣ್ಣಿಗೆ ಬೇರೆ ಕಣ್ಣು ಹಾಕಬಹುದು ಎಂಬ ಮಾತು ಸಹಜವೆಂಬಂತೆ ಕೇಳಿಬರುತ್ತದೆ. ವಾಸ್ತವದಲ್ಲಿ ದಾನದ ಕಣ್ಣಿನಿಂದ ಮುಖ್ಯವಾಗಿ ಕಸಿ ಮಾಡುವುದು ಕಾರ್ನಿಯಾವನ್ನು, ಅಂದರೆ ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರವನ್ನು. ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ನೋಟ ಕೊಟ್ಟದ್ದು ಈ ಕಾರಣದಿಂದಲೇ ಸಾಧ್ಯವಾಯಿತು. ಕಣ್ಣಿನ ಹಿಂಭಾಗದ ರೆಟಿನಾವನ್ನಾಗಲಿ, ಅಲ್ಲಿಂದ ಮಿದುಳಿಗೆ ಹೋಗುವ ದೃಷ್ಟಿನರವನ್ನಾಗಲಿ ಹೀಗೆ ಬದಲಿಸುವ ವಿದ್ಯೆ ಇಂದಿನ ಆಸ್ಪತ್ರೆಗಳಲ್ಲಿ ಇಲ್ಲ. ಗಲ್ಫ್‌ನಲ್ಲಿ ದುಡಿಯುವವರಿಗೆ ಅಪಾಯವಿರುವುದು ಹೆಚ್ಚಾಗಿ ಈ ಹಿಂಭಾಗದಲ್ಲಿ.

ರೆಟಿನಾ ಕಣ್ಣುಗುಡ್ಡೆಯ ಒಳಗೋಡೆಗೆ ಅಂಟಿಕೊಂಡಿರುವ, ಕಾಗದದಷ್ಟು ತೆಳ್ಳಗಿನ, ಬೆಳಕನ್ನು ನರಸಂಕೇತವಾಗಿ ಬದಲಿಸುವ ಪದರ. ದೇಹದ ಅತ್ಯಂತ ಹೆಚ್ಚು ಆಮ್ಲಜನಕ ಬಳಸುವ ಅಂಗಾಂಶಗಳಲ್ಲಿ ಇದೂ ಒಂದಾದುದರಿಂದ ಇದಕ್ಕೆ ಬಹಳ ಸೂಕ್ಷ್ಮವಾದ ರಕ್ತನಾಳಗಳ ಜಾಲ ಬೇಕು, ಮತ್ತು ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಮೊದಲು ಕೆಡುವ ರಕ್ತನಾಳಗಳಲ್ಲಿ ಇವೂ ಸೇರುತ್ತವೆ. ನಾಳದ ಗೋಡೆ ದುರ್ಬಲವಾಗಿ ಅಲ್ಲಲ್ಲಿ ಸಣ್ಣ ಉಬ್ಬುಗಳಾಗುತ್ತವೆ, ಅವುಗಳಿಂದ ರಕ್ತವೂ ದ್ರವವೂ ಜಿನುಗುತ್ತವೆ. ಕೆಲವು ನಾಳಗಳು ಮುಚ್ಚಿಹೋಗಿ ಆ ಭಾಗಕ್ಕೆ ಆಮ್ಲಜನಕ ಸಾಲದಾದಾಗ ರೆಟಿನಾ ಹೊಸ ನಾಳಗಳನ್ನು ಬೆಳೆಸಲು ರಾಸಾಯನಿಕ ಸಂದೇಶ ಕಳಿಸುತ್ತದೆ, ಆದರೆ ಹಾಗೆ ಹುಟ್ಟುವ ನಾಳಗಳು ಎಷ್ಟು ಬಲಹೀನವೆಂದರೆ ಒಂದು ದಿನ ಅವು ಒಡೆದು ಕಣ್ಣಿನೊಳಗಿನ ಲೋಳೆಯಲ್ಲಿ ರಕ್ತ ತುಂಬುತ್ತದೆ. ಈ ಸರಣಿಯ ಮುಕ್ಕಾಲು ಪಾಲು ನಡೆಯುವಾಗ ರೋಗಿಗೆ ನೋಟ ಚೆನ್ನಾಗಿಯೇ ಇರುತ್ತದೆ. ರೆಟಿನಾದ ನಟ್ಟನಡುವೆ ಇರುವ, ಅಕ್ಷರ ಓದಲು ಮುಖ ಗುರುತಿಸಲು ಬಳಕೆಯಾಗುವ ಮ್ಯಾಕ್ಯುಲಾ ಎಂಬ ಪುಟ್ಟ ಭಾಗದಲ್ಲಿ ದ್ರವ ತುಂಬಿದಾಗ ಮಾತ್ರ ನೇರವಾದ ಗೆರೆ ಸೊಟ್ಟಗೆ ಕಾಣುತ್ತದೆ, ಮೊಬೈಲಿನ ಅಕ್ಷರ ಅಲುಗಿದಂತಾಗುತ್ತದೆ. ಹೊಸ ಕನ್ನಡಕ ಬೇಕೇನೋ ಎಂದುಕೊಂಡು ಚಾಳೀಸಿನ ನಂಬರು ಬದಲಿಸುವವರು ಇದೇ ಹಂತದಲ್ಲಿ ಅಮೂಲ್ಯವಾದ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಅಂದಾಜಿಸಿತು; ದಕ್ಷಿಣ ಏಷ್ಯಾದವರಲ್ಲಿ ಈ ಕಾಯಿಲೆ ಯುರೋಪಿನವರಿಗಿಂತ ಕಡಿಮೆ ವಯಸ್ಸಿನಲ್ಲಿ, ಕಡಿಮೆ ದೇಹತೂಕದಲ್ಲೇ ಬರುತ್ತದೆ ಎಂಬುದೂ ಗೊತ್ತಿರುವ ಸಂಗತಿ. ಈ ಒಲವನ್ನು ಹೊತ್ತುಕೊಂಡು ಬಂದ ದೇಹಕ್ಕೆ ಗಲ್ಫ್‌ನ ದಿನಚರಿ ಅನುಕೂಲಕರವಲ್ಲ. ಹನ್ನೆರಡು ಗಂಟೆಯ ಪಾಳಿ, ಕ್ಯಾಫೆಟೇರಿಯಾದ ಪರೋಟ, ಗಂಟೆಗೊಮ್ಮೆ ಸಕ್ಕರೆ ಸುರಿದ ಕರಕ್ ಚಹಾ, ಬೇಸಗೆಯ ಬಿಸಿಲಿಗೆ ಹೆದರಿ ಬಿಟ್ಟುಹೋದ ನಡಿಗೆ, ಒಂದೇ ಕೋಣೆಯಲ್ಲಿ ಹಲವರು ಮಲಗುವ ವಸತಿಯಲ್ಲಿ ಕೆಡುವ ನಿದ್ದೆ ಇವೆಲ್ಲವೂ ಸೇರಿ ಸಕ್ಕರೆಯನ್ನು ಏರಿಸುತ್ತವೆ. ಎರಡನೆಯ ಬಗೆಯ ಮಧುಮೇಹ ಪತ್ತೆಯಾಗುವ ಹೊತ್ತಿಗೆ ಅದು ದೇಹದಲ್ಲಿ ಕೆಲವು ವರ್ಷಗಳಿಂದ ಇದ್ದಿರಬಹುದು. ಆದುದರಿಂದಲೇ ಸಕ್ಕರೆ ಕಾಯಿಲೆ ಇದೆ ಎಂದು ತಿಳಿದ ಕೂಡಲೇ ರೆಟಿನಾದ ಮೊದಲ ಪರೀಕ್ಷೆ ಆಗಬೇಕು, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಎಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ.

ಇಲ್ಲಿ ವೀಸಾದ ವೈದ್ಯಕೀಯ ತಪಾಸಣೆಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ವಾಸದ ಪರವಾನಗಿಗಾಗಿ ಮಾಡುವ ರಕ್ತಪರೀಕ್ಷೆ ಮತ್ತು ಎದೆಯ ಎಕ್ಸ್-ರೇ ಮುಖ್ಯವಾಗಿ ಎಚ್‌ಐವಿ, ಕ್ಷಯ ಮೊದಲಾದ ಸಾಂಕ್ರಾಮಿಕ ರೋಗಗಳನ್ನು ಹುಡುಕುತ್ತವೆ. ಸಕ್ಕರೆಯನ್ನಾಗಲಿ, ಕಣ್ಣಿನ ಒತ್ತಡವನ್ನಾಗಲಿ ಅಳೆಯುವುದು ಅವುಗಳ ಉದ್ದೇಶವಲ್ಲ. ಆದರೂ ಮೆಡಿಕಲ್ ಪಾಸಾಗಿದೆ ಎಂಬ ಮಾತಿನಲ್ಲಿ ದೇಹ ಪೂರ್ತಿ ಸರಿಯಿದೆ ಎಂಬ ಸಮಾಧಾನವನ್ನು ಸಾವಿರಾರು ಜನ ಓದಿಕೊಳ್ಳುತ್ತಾರೆ. ಅಬುಧಾಬಿಯು 2008ರಲ್ಲಿ ವಿಕಾಯಾ ಎಂಬ ಹೆಸರಿನಲ್ಲಿ ಸಕ್ಕರೆ, ರಕ್ತದೊತ್ತಡ, ಕೊಬ್ಬು ಇವುಗಳ ವ್ಯಾಪಕ ತಪಾಸಣೆಯನ್ನು ತನ್ನ ಪ್ರಜೆಗಳಿಗಾಗಿ ಆರಂಭಿಸಿ, ಅದನ್ನು ಅವರ ಆರೋಗ್ಯವಿಮೆಯ ಜೊತೆಗೇ ಹೊಸೆದದ್ದು ಒಂದು ವಿವೇಕದ ಕ್ರಮವಾಗಿತ್ತು. ವಲಸೆಗಾರರಿಗೆ ಅಂಥ ಕಡ್ಡಾಯ ಕರೆ ಬರುವುದಿಲ್ಲವಾದ್ದರಿಂದ ಆ ಕರೆಯನ್ನು ಅವರೇ ತಮಗೆ ಕೊಟ್ಟುಕೊಳ್ಳಬೇಕಾಗುತ್ತದೆ.

ವಿಮೆಯ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಬಹಳ ಹಾನಿ ಮಾಡಿದೆ. ಅಬುಧಾಬಿಯಲ್ಲಿ 2005ರ ಕಾನೂನಿನಿಂದಲೂ ದುಬೈಯಲ್ಲಿ 2013ರ ಕಾನೂನಿನಿಂದಲೂ ಉದ್ಯೋಗದಾತರು ನೌಕರರಿಗೆ ಆರೋಗ್ಯವಿಮೆ ಮಾಡಿಸುವುದು ಕಡ್ಡಾಯವಾಯಿತು. 2025ರ ಜನವರಿ 1ರಿಂದ ಉಳಿದ ಎಮಿರೇಟುಗಳಿಗೂ ಇದು ವಿಸ್ತರಿಸಿದೆ. ಕಡಿಮೆ ಸಂಬಳದವರ ಮೂಲ ಪಾಲಿಸಿಗಳಲ್ಲಿ ಕನ್ನಡಕವೂ, ನಂಬರು ತೆಗೆಯುವ ಲೇಸರ್ ಶಸ್ತ್ರಚಿಕಿತ್ಸೆಯೂ ಸಾಮಾನ್ಯವಾಗಿ ಸೇರಿರುವುದಿಲ್ಲ. ಇದನ್ನು ಕೇಳಿದವರು ಕಣ್ಣಿಗೆ ವಿಮೆಯೇ ಇಲ್ಲ ಎಂದು ತಿಳಿದು ಆಸ್ಪತ್ರೆಯ ದಾರಿ ಬಿಡುತ್ತಾರೆ. ದೃಷ್ಟಿ ತಿದ್ದುವುದು ಒಂದು, ರೋಗಕ್ಕೆ ಚಿಕಿತ್ಸೆ ಪಡೆಯುವುದು ಇನ್ನೊಂದು. ಮಧುಮೇಹದಿಂದ ರೆಟಿನಾ ಜಿನುಗುವುದು, ಕಣ್ಣಿನ ಒತ್ತಡ ಏರುವುದು ಕಾಯಿಲೆಗಳೇ ಹೊರತು ಕನ್ನಡಕದ ಸಂಗತಿಗಳಲ್ಲ. ಪಾಲಿಸಿಯಿಂದ ಪಾಲಿಸಿಗೆ ಷರತ್ತು ಬೇರೆಯಾಗುವುದರಿಂದ, ಮೊದಲು ಸಾಮಾನ್ಯ ವೈದ್ಯರನ್ನು ಕಂಡು ಸಕ್ಕರೆಯ ಕಾರಣ ನಮೂದಿಸಿದ ಶಿಫಾರಸು ಪತ್ರ ಪಡೆದು, ಯಾವುದಕ್ಕೆ ಒಪ್ಪಿಗೆ ಇದೆ ಎಂಬುದನ್ನು ವಿಮಾ ಕಂಪನಿಯಿಂದ ಲಿಖಿತವಾಗಿ ಕೇಳುವುದು ಸರಿಯಾದ ಕ್ರಮ. ತಜ್ಞರ ಕೊರತೆ ಆ ನಗರಗಳಲ್ಲಿಲ್ಲ. 1805ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆ ದುಬೈ ಹೆಲ್ತ್‌ಕೇರ್ ಸಿಟಿಯಲ್ಲಿ 2007ರಿಂದ ಶಾಖೆ ನಡೆಸುತ್ತಿದೆ. ಅಬುಧಾಬಿಯಲ್ಲಿ 2006ರಿಂದ ಇಂಪೀರಿಯಲ್ ಕಾಲೇಜ್ ಲಂಡನ್ ಡಯಾಬಿಟಿಸ್ ಸೆಂಟರ್ ಇದೆ, 2015ರಿಂದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲೂ ನೇತ್ರವಿಭಾಗಗಳಿವೆ. ಕೊರತೆ ಇರುವುದು ರೋಗಿಯನ್ನು ಅಲ್ಲಿಯವರೆಗೆ ತಲುಪಿಸುವ ದಾರಿಯಲ್ಲಿ.

ತಲುಪಿದವರಿಗೆ ಸಿಗುವ ಚಿಕಿತ್ಸೆ ನಿಜಕ್ಕೂ ಫಲಕಾರಿ. ಮೊದಲ ಬಗೆಯ ಮಧುಮೇಹದ 1,441 ಜನರ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ರೆಟಿನಾದ ರೋಗ ಹೊಸದಾಗಿ ಬರುವ ಸಂಭವ ಶೇ. 76ರಷ್ಟು ತಗ್ಗಿತ್ತು, ಎರಡನೆಯ ಬಗೆಯವರಿಗೂ ಹತೋಟಿಯಿಂದ ಲಾಭವಿದೆ ಎಂದು ಬ್ರಿಟನ್ನಿನ 1998ರ ಅಧ್ಯಯನ ತೋರಿಸಿತು. ಹೊಸ ನಾಳಗಳು ಬೆಳೆದ ಕಣ್ಣಿಗೆ ಲೇಸರ್ ಹಾಯಿಸಿದರೆ ತೀವ್ರ ದೃಷ್ಟಿನಾಶದ ಸಂಭವ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ ಎಂಬುದು 1976ರಷ್ಟು ಹಿಂದೆಯೇ ಸಾಬೀತಾಗಿದೆ. ಮ್ಯಾಕ್ಯುಲಾದ ಊತಕ್ಕೆ ಈಗ ಕಣ್ಣಿನೊಳಕ್ಕೇ ಚುಚ್ಚುಮದ್ದು ಕೊಡುತ್ತಾರೆ. ನಾಳಗಳು ಜಿನುಗುವಂತೆ ಮಾಡುವ ರಾಸಾಯನಿಕ ಸಂದೇಶವನ್ನೇ ಆ ಔಷಧ ತಡೆಯುತ್ತದೆ. ಕಣ್ಣಿಗೆ ಸೂಜಿ ಎಂಬ ಭಯ ಸಹಜವಾದರೂ ಮರಗಟ್ಟಿಸುವ ಹನಿ ಹಾಕಿ ಕೆಲವೇ ಕ್ಷಣಗಳಲ್ಲಿ ಮುಗಿಯುವ ಕ್ರಿಯೆ ಅದು. ನಿಜವಾದ ಕಷ್ಟವಿರುವುದು ಪುನರಾವರ್ತನೆಯಲ್ಲಿ: ಆರಂಭದಲ್ಲಿ ತಿಂಗಳಿಗೊಂದರಂತೆ ಹಲವು ಚುಚ್ಚುಮದ್ದು ಬೇಕಾಗುತ್ತವೆ, ನಡುವೆ ನಿಲ್ಲಿಸಿದರೆ ಊತ ಮರಳುತ್ತದೆ. ಮೂವತ್ತು ದಿನದ ರಜೆಯಲ್ಲಿ ಒಂದು ಚುಚ್ಚುಮದ್ದು ಹಾಕಿಸಿಕೊಂಡು ಉಳಿದದ್ದನ್ನು ಬರುವ ರಜೆಗೆ ಇಟ್ಟುಕೊಳ್ಳುವುದು ಚಿಕಿತ್ಸೆಯೇ ಅಲ್ಲ. ಇಂಥ ರೋಗಿ ಯಾವ ಊರಿನಲ್ಲಿ ವರ್ಷದ ಹನ್ನೊಂದು ತಿಂಗಳು ಇರುತ್ತಾನೋ ಆ ಊರಿನಲ್ಲೇ ಅವನ ಕಣ್ಣಿನ ವೈದ್ಯರಿರಬೇಕು.

ಗ್ಲಾಕೋಮಾದ ಕಥೆ ಇದಕ್ಕಿಂತ ಮೌನವಾದದ್ದು. ಕಣ್ಣಿನ ಮುಂಭಾಗದಲ್ಲಿ ಸದಾ ಒಸರುವ ತಿಳಿದ್ರವವೊಂದು ಸೂಕ್ಷ್ಮ ಜರಡಿಯ ಮೂಲಕ ಹೊರಹೋಗುತ್ತಿರುತ್ತದೆ. ಆ ಹೊರಹರಿವು ಕುಂದಿದಾಗ ಒಳಗೆ ಒತ್ತಡ ಏರಿ, ಹತ್ತು ಲಕ್ಷಕ್ಕೂ ಹೆಚ್ಚು ತಂತುಗಳ ಕಟ್ಟಾದ ದೃಷ್ಟಿನರ ಎಳೆಎಳೆಯಾಗಿ ಸಾಯುತ್ತದೆ. ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುತ್ತದೆ, ಆದರೆ ಅದರೊಳಗೇ ಇದ್ದೂ ನರ ಸವೆಯುವವರಿರುವುದರಿಂದ ಒತ್ತಡವೊಂದನ್ನೇ ಅಳೆದರೆ ಸಾಲದು. ನರದ ತಲೆಯನ್ನು ನೋಡಬೇಕು, ಅಕ್ಕಪಕ್ಕದ ನೋಟ ಎಷ್ಟಿದೆ ಎಂದು ಯಂತ್ರದಲ್ಲಿ ಪರೀಕ್ಷಿಸಬೇಕು. ಏಕೆಂದರೆ ಈ ರೋಗ ಮೊದಲು ಕಬಳಿಸುವುದು ಅಂಚಿನ ನೋಟವನ್ನು. ನಡುವಿನ ನೋಟ ಕೊನೆಯವರೆಗೂ ಉಳಿದಿರುತ್ತದೆ. ದುಬೈಯಲ್ಲಿ ಚಾಲನಾ ಪರವಾನಗಿ ಪಡೆಯುವಾಗ, ನವೀಕರಿಸುವಾಗ ಅನುಮೋದಿತ ಕನ್ನಡಕದ ಅಂಗಡಿಗಳಲ್ಲಿ ಮಾಡುವ ಕಣ್ಣಿನ ಪರೀಕ್ಷೆ ಮುಖ್ಯವಾಗಿ 1862ರಲ್ಲಿ ಡಚ್ ವೈದ್ಯ ಹರ್ಮನ್ ಸ್ನೆಲ್ಲೆನ್ ರೂಪಿಸಿದ ಮಾದರಿಯ ಅಕ್ಷರಫಲಕವನ್ನು ದೂರದಿಂದ ಓದುವ ಪರೀಕ್ಷೆ. ಆರು ಮೀಟರ್ ದೂರದಿಂದ ಕಾಣಬೇಕಾದುದು ಆರು ಮೀಟರಿನಿಂದಲೇ ಕಂಡರೆ 6/6 ಎಂದು ಬರೆಯುತ್ತಾರೆ, ಅದು ಪೂರ್ಣ ದೃಷ್ಟಿಯ ಗುರುತು ಎಂದು ಜನ ನಂಬುತ್ತಾರೆ. ಗ್ಲಾಕೋಮಾದಿಂದ ನರದ ಬಹುಭಾಗ ಸತ್ತವರೂ ಈ ಫಲಕವನ್ನು ತಡವರಿಸದೆ ಓದಬಲ್ಲರು. ಶೇಖ್ ಜಾಯೆದ್ ರಸ್ತೆಯಲ್ಲಿ ಪಕ್ಕದ ಪಥದಿಂದ ನುಗ್ಗಿಬರುವ ವಾಹನ ಅವರಿಗೆ ಕಾಣದೆ ಹೋಗಬಹುದು ಎಂಬುದು ಮಾತ್ರ ಆ ಚೀಟಿಯಲ್ಲಿ ನಮೂದಾಗುವುದಿಲ್ಲ. ಟ್ಯಾಕ್ಸಿ, ಬಸ್ಸು, ಲಾರಿ ಓಡಿಸಿ ಬದುಕುವವರು ನಲವತ್ತು ದಾಟಿದ ಮೇಲೆ ಪರವಾನಗಿಯ ಪರೀಕ್ಷೆಯನ್ನು ನೆಚ್ಚದೆ ಪೂರ್ಣ ನೇತ್ರಪರೀಕ್ಷೆ ಮಾಡಿಸಿಕೊಳ್ಳುವುದು ಅವರ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು.

ಗ್ಲಾಕೋಮಾ ಗುಣವಾಗುವ ರೋಗವಲ್ಲ, ತಡೆದು ನಿಲ್ಲಿಸಬಹುದಾದ ರೋಗ. ತಡೆಯುವ ಮುಖ್ಯ ಸಾಧನ ದಿನವೂ ಹಾಕುವ ಹನಿ. ವಲಸೆಯ ಬದುಕು ಹನಿಯನ್ನು ಕೆಡಿಸುವ ಬಗೆಗಳು ಹಲವು. ಊರಿನ ಅಂಗಡಿಯಿಂದ ಆರು ತಿಂಗಳಿಗೆಂದು ತಂದ ಬಾಟಲಿಗಳು ನಾಲ್ಕನೆಯ ತಿಂಗಳಿಗೇ ಮುಗಿಯುತ್ತವೆ, ಬರುವವರು ಯಾರಾದರೂ ತರುವವರೆಗೆ ಕಣ್ಣು ಔಷಧವಿಲ್ಲದೆ ಇರುತ್ತದೆ. ಲ್ಯಾಟನೊಪ್ರೋಸ್ಟ್ ಎಂಬ ಬಹುಬಳಕೆಯ ಹನಿಯ ಸಾಮಾನ್ಯ ಬಾಟಲಿಯನ್ನು ತೆರೆಯುವ ಮೊದಲು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ತೆರೆದ ಮೇಲೆ 25 ಡಿಗ್ರಿಯೊಳಗೆ ಇಟ್ಟು ಕೆಲವೇ ವಾರಗಳಲ್ಲಿ ಬಳಸಿ ಮುಗಿಸಬೇಕು. ಜುಲೈ ತಿಂಗಳಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅದನ್ನು ಇಟ್ಟವರು ಔಷಧವೆಂದು ಹಾಕಿಕೊಳ್ಳುವುದರಲ್ಲಿ ಔಷಧದ ಗುಣ ಉಳಿದಿರುವ ಭರವಸೆಯಿಲ್ಲ. ಟಿಮೊಲಾಲ್ ಎಂಬ ಇನ್ನೊಂದು ಹನಿ ಉಬ್ಬಸವಿರುವವರಲ್ಲಿ ಉಸಿರಾಟವನ್ನು ಬಿಗಿಗೊಳಿಸಬಲ್ಲದು, ಆದ್ದರಿಂದ ಒಬ್ಬರ ಹನಿಯನ್ನು ಕೋಣೆಯ ಇನ್ನೊಬ್ಬರು ಎರವಲು ಪಡೆಯಬಾರದು.

ರಮದಾನಿನ ಪ್ರಶ್ನೆ ಭಟ್ಕಳದ ನವಾಯತರಿಗೆ, ಕರಾವಳಿಯ ಬ್ಯಾರಿಗಳಿಗೆ ಮತ್ತು ಉಪವಾಸವಿರುವ ಎಲ್ಲರಿಗೂ ಮುಖ್ಯವಾದದ್ದು. ಕಣ್ಣಿಗೆ ಹಾಕಿದ ಹನಿ ಗಂಟಲಿಗೆ ಇಳಿದು ಉಪವಾಸ ಮುರಿದೀತೆಂಬ ಆತಂಕದಿಂದ ಇಡೀ ತಿಂಗಳು ಹನಿ ನಿಲ್ಲಿಸುವವರಿದ್ದಾರೆ. ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1997ರಲ್ಲಿ ಜಿದ್ದಾದಲ್ಲಿ ಸೇರಿದಾಗ ಕಣ್ಣಿನ ಹನಿಯಿಂದ ಉಪವಾಸ ಭಂಗವಾಗುವುದಿಲ್ಲ ಎಂದು ನಿರ್ಣಯಿಸಿದೆ. ಹಾಗಿದ್ದೂ ಮನಸ್ಸು ಒಪ್ಪದವರಿಗೆ ವೈದ್ಯರ ಬಳಿ ದಾರಿ ಇದೆ: ದಿನಕ್ಕೊಮ್ಮೆಯ ಹನಿಯನ್ನು ರಾತ್ರಿ ಹಾಕಬಹುದು, ಎರಡು ಬಾರಿಯದನ್ನು ಬೆಳಗಿನ ಜಾವದ ಸಹರಿ ಮತ್ತು ಸಂಜೆಯ ಇಫ್ತಾರಿನ ಹೊತ್ತಿಗೆ ಹೊಂದಿಸಬಹುದು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿಹಿಡಿದರೆ ಔಷಧ ಗಂಟಲಿಗೆ ಇಳಿಯುವುದು ಬಹಳ ಕಡಿಮೆಯಾಗುತ್ತದೆ. ಇದು ಉಪವಾಸವಿಲ್ಲದವರೂ ಅನುಸರಿಸಬೇಕಾದ ವೈದ್ಯಕೀಯ ಸಲಹೆ, ಏಕೆಂದರೆ ಔಷಧ ಕಣ್ಣಿನಲ್ಲೇ ನಿಂತು ದೇಹದ ಇತರ ಭಾಗಗಳಿಗೆ ಹೋಗುವುದು ತಗ್ಗುತ್ತದೆ. ಮಧುಮೇಹಿಗಳಂತೂ ರಮದಾನಿಗೆ ಕೆಲವು ವಾರ ಮೊದಲೇ ಮಾತ್ರೆ ಮತ್ತು ಇನ್ಸುಲಿನ್ನಿನ ವೇಳೆಯನ್ನು ವೈದ್ಯರೊಡನೆ ಮಾತಾಡಿ ಬದಲಿಸಿಕೊಳ್ಳಬೇಕು.

ಮರುಭೂಮಿಯ ದೂಳು ಇನ್ನೊಂದು ಅಪಾಯವನ್ನು ಅಡ್ಡದಾರಿಯಿಂದ ತರುತ್ತದೆ. ಶಮಾಲ್ ಎಂಬ ವಾಯವ್ಯದ ಗಾಳಿ ಬೀಸುವಾಗ ಮೇಲೇಳುವ ನುಣ್ಣನೆಯ ದೂಳು, ಮಂಜುಗಟ್ಟಿಸುವಂಥ ಹವಾನಿಯಂತ್ರಣ, ಉರಿಬಿಸಿಲು ಇವುಗಳಿಂದ ಕಣ್ಣು ಕೆರೆಯುವುದು, ಕೆಂಪಾಗುವುದು, ಒಣಗುವುದು ಸಾಮಾನ್ಯ. ಹಾಗಾದಾಗ ಊರಿನಿಂದ ತಂದು ಪೆಟ್ಟಿಗೆಯಲ್ಲಿಟ್ಟ ಹನಿಯೊಂದು ಕೈಗೆ ಬರುತ್ತದೆ. ಎರಡು ದಿನದಲ್ಲಿ ಕೆಂಪು ಮಾಯವಾಗುತ್ತದೆ, ಆಮೇಲೆ ದೂಳೆದ್ದಾಗಲೆಲ್ಲ ಅದೇ ಹನಿ. ಅದರಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಮುಂತಾದ ಸ್ಟೀರಾಯ್ಡ್ ಇದ್ದರೆ, ತಿಂಗಳುಗಟ್ಟಲೆ ಬಳಸಿದವರಲ್ಲಿ ಸುಮಾರು ಮೂರನೇ ಒಂದು ಪಾಲು ಜನರಿಗೆ ಕಣ್ಣಿನ ಒತ್ತಡ ಏರುತ್ತದೆ, ಕೆಲವರಿಗೆ ನರ ಸಾಯುವಷ್ಟು ಏರುತ್ತದೆ. ಇಪ್ಪತ್ತೈದರ ಹರೆಯದ ಆರೋಗ್ಯವಂತ ತರುಣನೂ ಹೀಗೆ ಗ್ಲಾಕೋಮಾಕ್ಕೆ ಬಲಿಯಾಗಬಹುದು ಎಂಬುದು, ಮತ್ತು ಅದು ಬಾಟಲಿಯ ಹೆಸರೋದಿ ತಪ್ಪಿಸಬಹುದಾದ ಅನಾಹುತ ಎಂಬುದು, ಪ್ರತಿಯೊಂದು ಲೇಬರ್ ಕ್ಯಾಂಪಿನ ಗೋಡೆಯ ಮೇಲೆ ಬರೆಯಬೇಕಾದ ಸತ್ಯ. ಒಣಗಿದ ಕಣ್ಣಿಗೆ ಸಂರಕ್ಷಕಗಳಿಲ್ಲದ ಕೃತಕ ಕಣ್ಣೀರು, ಕೆರೆಯುವ ಕಣ್ಣಿಗೆ ತಂಪುಪಟ್ಟಿ ಮತ್ತು ವೈದ್ಯರು ಬರೆದುಕೊಟ್ಟ ಅಲರ್ಜಿಯ ಹನಿ ಸಾಕು. ಕಣ್ಣುಜ್ಜುವ ಚಟವನ್ನು ಬಿಡಬೇಕು. ಎಳೆಯರಲ್ಲಿ ಅದು ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಎಂಬ ರೋಗವನ್ನು ಉಲ್ಬಣಗೊಳಿಸುತ್ತದೆ.

ಕಟ್ಟಡ, ರಸ್ತೆ, ಬಂದರಿನ ಕೆಲಸಗಾರರಲ್ಲಿ ಕಣ್ಣಿನ ಬಿಳಿಭಾಗದಿಂದ, ಹೆಚ್ಚಾಗಿ ಮೂಗಿನ ಬದಿಯಿಂದ, ಕಪ್ಪುಗುಡ್ಡೆಯ ಮೇಲೆ ತ್ರಿಕೋನಾಕಾರದ ಮಾಂಸದ ಪೊರೆ ಬೆಳೆಯುವುದುಂಟು. ಟೆರಿಜಿಯಂ ಎನ್ನುವ ಇದಕ್ಕೆ ಮುಖ್ಯ ಕಾರಣ ವರ್ಷಗಳ ಕಾಲ ಬೀಳುವ ನೇರಳಾತೀತ ಕಿರಣ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಯಲಿನ ಕೆಲಸವನ್ನು ನಿಷೇಧಿಸುವ ಅಲ್ಲಿನ ನಿಯಮ ಬಿಸಿಲಾಘಾತವನ್ನು ತಡೆಯಲು ಬಂದದ್ದಾದರೂ ಕಣ್ಣಿಗೂ ಅದರಿಂದ ಉಪಕಾರವಾಗಿದೆ. ಉಳಿದ ಹೊತ್ತಿನಲ್ಲಿ ಬದಿ ಮುಚ್ಚುವ, ನೇರಳಾತೀತ ಕಿರಣ ತಡೆಯುವ ಸುರಕ್ಷಾ ಕನ್ನಡಕ ಬೇಕು. ವೆಲ್ಡಿಂಗಿನವರಿಗೆ ಅದರದೇ ಮುಖವಾಡ ಬೇಕು, ಕಬ್ಬಿಣ ಕೊರೆಯುವಾಗ ಕಣ್ಣಿಗೆ ಸಿಡಿದ ಚೂರನ್ನು ಜೊತೆಗಾರನ ಕರವಸ್ತ್ರದ ತುದಿಯಿಂದ ತೆಗೆಸಿಕೊಳ್ಳಲೇಬಾರದು.

ರೆಟಿನಾ ಕಳಚುವುದು ಮಾತ್ರ ಗಂಟೆಗಳ ಲೆಕ್ಕದ ತುರ್ತು. ಕಣ್ಣಿನಲ್ಲಿ ಮಿಂಚು ಹೊಡೆದಂತಾಗಿ, ಒಮ್ಮೆಗೇ ಹತ್ತಾರು ಕಪ್ಪು ಚುಕ್ಕೆಗಳು ತೇಲತೊಡಗಿ, ಒಂದು ಬದಿಯಿಂದ ಪರದೆ ಎಳೆದಂತೆ ನೋಟ ಮುಚ್ಚುತ್ತಾ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೆಚ್ಚು ಮೈನಸ್ ನಂಬರಿನ ಕನ್ನಡಕವಿರುವವರಲ್ಲಿ ಇದರ ಸಂಭವ ಹೆಚ್ಚು. ಇಂಥ ಹೊತ್ತಿನಲ್ಲಿ ಟಿಕೆಟ್ ಹುಡುಕಿ ಮಂಗಳೂರಿನ ವಿಮಾನ ಏರುವವರಿಗೆ ಎರಡು ಕಷ್ಟಗಳಿವೆ. ಮೊದಲನೆಯದು, ಮ್ಯಾಕ್ಯುಲಾ ಕಳಚುವ ಮುನ್ನ ಶಸ್ತ್ರಚಿಕಿತ್ಸೆಯಾದರೆ ಉಳಿಯುವ ನೋಟ ಒಂದೆರಡು ದಿನದ ವಿಳಂಬದಲ್ಲಿ ಕೈತಪ್ಪಬಹುದು. ಎರಡನೆಯದು ಮರಳಿ ಬರುವಾಗಿನದು: ರೆಟಿನಾವನ್ನು ಗೋಡೆಗೆ ಒತ್ತಿಹಿಡಿಯಲು ಶಸ್ತ್ರವೈದ್ಯರು ಹಲವು ವೇಳೆ ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬುತ್ತಾರೆ, ಅದು ಕರಗಲು ಅನಿಲದ ಬಗೆಯನ್ನವಲಂಬಿಸಿ ಎರಡು ವಾರದಿಂದ ಎರಡು ತಿಂಗಳು ಹಿಡಿಯುತ್ತದೆ. ವಿಮಾನದ ಒಳಗಿನ ಗಾಳಿಯೊತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುವುದರಿಂದ ಆ ಗುಳ್ಳೆ ಹಿಗ್ಗಿ, ಕಣ್ಣಿನ ಒತ್ತಡ ಮಿತಿಮೀರಿ, ರಕ್ತಸಂಚಾರ ನಿಂತು ಕಣ್ಣು ಶಾಶ್ವತವಾಗಿ ಕುರುಡಾಗಬಹುದು. ಕರಾವಳಿಯಲ್ಲಿ ಚಿಕಿತ್ಸೆ ಪಡೆದವರು ಘಾಟಿ ಹತ್ತಿ ಬೆಂಗಳೂರಿಗೆ ಹೋಗುವುದಕ್ಕೂ ವೈದ್ಯರನ್ನು ಕೇಳಬೇಕು. ರಜೆ ಮುಗಿಯುತ್ತದೆ, ವೀಸಾದ ದಿನಾಂಕ ಮೀರುತ್ತದೆ ಎಂಬ ಒತ್ತಾಯವಿದ್ದರೆ ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳುವುದು ಅಗತ್ಯ, ಏಕೆಂದರೆ ಅನಿಲದ ಬದಲು ಎತ್ತರದಲ್ಲಿ ಹಿಗ್ಗದ ಸಿಲಿಕಾನ್ ಎಣ್ಣೆಯನ್ನು ತುಂಬುವ ಮಾರ್ಗವೂ ವೈದ್ಯರಿಗಿದೆ.

ಮಕ್ಕಳ ವಿಷಯ ಬೇರೆಯೇ ಲೇಖನವನ್ನು ಬೇಡುತ್ತದೆಯಾದರೂ ಒಂದು ಮಾತನ್ನು ಹೇಳದೆ ಇರಲಾಗದು. ದುಬೈಯ ಕರಾಮಾದ, ಕುಸೈಸಿನ ಫ್ಲ್ಯಾಟುಗಳಲ್ಲಿ ಬೆಳೆಯುವ ಮಗುವಿಗೆ ವರ್ಷದ ಐದು ತಿಂಗಳು ಬಯಲು ಎಂಬುದೇ ಇಲ್ಲ, ಮತ್ತು ಹಗಲಿನ ಬೆಳಕು ಸಾಲದೆ ಹೋದರೆ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದು ಸಮೀಪದೃಷ್ಟಿ ಬರುವ ಸಂಭವ ಹೆಚ್ಚುತ್ತದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ ಹೆಚ್ಚುವರಿಯಾಗಿ 40 ನಿಮಿಷ ಮಕ್ಕಳನ್ನು ಹೊರಗೆ ಆಡಲು ಬಿಟ್ಟಾಗ, ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ ಶೇ. 39.5ರ ಬದಲು ಶೇ. 30.4ರಷ್ಟಿತ್ತು ಎಂದು 2015ರಲ್ಲಿ ವರದಿಯಾಗಿದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ಹಿತವಾದ ಸಂಜೆಗಳನ್ನು ಟ್ಯೂಷನ್ನಿಗೆ ಕೊಡದೆ ಉದ್ಯಾನಕ್ಕೆ ಕೊಡುವುದು ಖರ್ಚಿಲ್ಲದ ಚಿಕಿತ್ಸೆ.

ಈಗಾಗಲೇ ದೃಷ್ಟಿಯ ಒಂದು ಭಾಗವನ್ನು ಕಳೆದುಕೊಂಡವರ ಬದುಕು ಮುಗಿಯಿತು ಎಂದು ತಿಳಿಯುವುದು ತಪ್ಪು. ಅಂಗವೈಕಲ್ಯವಿರುವವರ ಹಕ್ಕುಗಳಿಗಾಗಿ ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2006ರಿಂದ ಕಾನೂನಿದೆ. 2017ರಿಂದ ಅವರನ್ನು ದೃಢಸಂಕಲ್ಪದ ಜನ ಎಂದು ಅಧಿಕೃತವಾಗಿ ಕರೆಯಲಾಗುತ್ತಿದೆ. ಭಾರತದ 2016ರ ಕಾನೂನು ಪೂರ್ಣ ಅಂಧತ್ವವನ್ನಷ್ಟೇ ಅಲ್ಲದೆ ಮಂದದೃಷ್ಟಿಯನ್ನೂ ಗುರುತಿಸಿ ಪ್ರಮಾಣಪತ್ರ ಕೊಡುತ್ತದೆ. ಆದರೆ ವಲಸೆಗಾರನ ವಾಸದ ಹಕ್ಕು ಉದ್ಯೋಗಕ್ಕೆ ಕಟ್ಟಿರುವುದರಿಂದ ಅವನ ದೃಷ್ಟಿನಷ್ಟವು ಒಂದು ಮನೆಯ ಆದಾಯನಷ್ಟವಾಗಿ ಬೇಗ ಮಾರ್ಪಡುತ್ತದೆ, ಆ ಭಯದಿಂದಲೇ ಅನೇಕರು ಕಡಿಮೆ ಕಾಣುವುದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟವರಿಗೆ ಸಿಗದೆ ಹೋಗುವುದು ಬಹಳ: ಭೂತಗನ್ನಡಿ, ಹೆಚ್ಚು ಬೆಳಕಿನ ಮೇಜು, ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಮೊಬೈಲ್ ತಂತ್ರಾಂಶ, ಚಾಲನೆಯಿಂದ ಉಗ್ರಾಣಕ್ಕೆ ಕೆಲಸ ಬದಲಿಸಿಕೊಳ್ಳುವ ಮಾತುಕತೆ ಇವೆಲ್ಲ ಕಾಯಿಲೆಯನ್ನು ಹೇಳಿಕೊಂಡವರಿಗೆ ಮಾತ್ರ ತೆರೆಯುವ ದಾರಿಗಳು.

ಅಬುಧಾಬಿ, ದುಬೈ, ಶಾರ್ಜಾಗಳ ಕರ್ನಾಟಕ ಸಂಘಗಳು ಮತ್ತು ಕರಾವಳಿಯ ಸಮುದಾಯ ಸಂಘಟನೆಗಳು ರಾಜ್ಯೋತ್ಸವದಷ್ಟೇ ಶ್ರದ್ಧೆಯಿಂದ ರಕ್ತದಾನ ಶಿಬಿರಗಳನ್ನೂ ನಡೆಸಿಕೊಂಡು ಬಂದಿವೆ. ಪರವಾನಗಿ ಪಡೆದ ಆಸ್ಪತ್ರೆಯೊಂದರ ಜೊತೆಗೂಡಿ ಅದೇ ಅಂಗಳಕ್ಕೆ ರೆಟಿನಾದ ಚಿತ್ರ ತೆಗೆಯುವ ಕ್ಯಾಮೆರಾವನ್ನು ತರುವುದು ಅಸಾಧ್ಯವಲ್ಲ; ಇಂದಿನ ಕ್ಯಾಮೆರಾಗಳು ಪಾಪೆ ಹಿಗ್ಗಿಸುವ ಹನಿಯಿಲ್ಲದೆಯೇ ಕೆಲವು ನಿಮಿಷಗಳಲ್ಲಿ ಚಿತ್ರ ಕೊಡುತ್ತವೆ. ಚಿತ್ರವನ್ನು ತಂತ್ರಜ್ಞರು ತೆಗೆದು ತಜ್ಞರು ದೂರದಿಂದ ಓದುವ ಈ ಪದ್ಧತಿ ಕರ್ನಾಟಕಕ್ಕೆ ಹೊಸದೂ ಅಲ್ಲ: ಬೆಂಗಳೂರಿನ ನಾರಾಯಣ ನೇತ್ರಾಲಯ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾ ಪರೀಕ್ಷೆಗಾಗಿ 2008ರಿಂದ ಇದನ್ನು ಜಿಲ್ಲೆಗಳಲ್ಲಿ ನಡೆಸಿದೆ.

ಪರೀಕ್ಷೆಯ ಪ್ರತಿಗಳನ್ನು, ಅಂದರೆ ರೆಟಿನಾದ ಚಿತ್ರ, ಅದರ ಪದರಗಳ ಸ್ಕ್ಯಾನು, ಅಂಚುನೋಟದ ನಕ್ಷೆ, ಒತ್ತಡದ ಅಂಕಿ, ಹನಿಗಳ ಹೆಸರು ಇವನ್ನೆಲ್ಲ ರೋಗಿ ತನ್ನ ಬಳಿಯೇ ಇಟ್ಟುಕೊಳ್ಳಬೇಕು, ಏಕೆಂದರೆ ಗ್ಲಾಕೋಮಾದಲ್ಲಿ ಇಂದಿನ ನಕ್ಷೆಗಿಂತ ಎರಡು ವರ್ಷದ ಹಿಂದಿನ ನಕ್ಷೆಯೊಂದಿಗಿನ ಹೋಲಿಕೆಯೇ ರೋಗ ನಿಂತಿದೆಯೋ ಮುಂದುವರಿದಿದೆಯೋ ಎಂಬುದನ್ನು ತಿಳಿಸುತ್ತದೆ. ದುಬೈಯ ವೈದ್ಯರ ಕಾಗದ ಉಡುಪಿಯ ವೈದ್ಯರ ಮೇಜಿನ ಮೇಲೂ ಇರಬೇಕು. ಊರಿನಲ್ಲಿ ಆಗಬೇಕಾದ ಕೆಲಸವೊಂದು ಆಗಲೂ ಉಳಿದಿರುತ್ತದೆ. ಗ್ಲಾಕೋಮಾ ಕುಟುಂಬದಲ್ಲಿ ಹರಿಯುವ ರೋಗ. ಒಬ್ಬರಿಗೆ ಬಂದರೆ ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಅಬುಧಾಬಿಯಲ್ಲಿ ಅಣ್ಣನಿಗೆ ಈ ರೋಗ ಪತ್ತೆಯಾದರೆ ಕುಂದಾಪುರದಲ್ಲಿ ಗದ್ದೆ ನೋಡಿಕೊಂಡಿರುವ ತಮ್ಮನೂ, ಕಾಸರಗೋಡಿನಲ್ಲಿ ಪಾಠ ಹೇಳುವ ತಂಗಿಯೂ ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದರೂ ಆ ತಿಂಗಳೇ ನೇತ್ರವೈದ್ಯರ ಬಳಿ ಹೋಗಿ ಒತ್ತಡ, ದೃಷ್ಟಿನರ ಮತ್ತು ಅಂಚುನೋಟ ಮೂರನ್ನೂ ಪರೀಕ್ಷಿಸಿಕೊಳ್ಳಬೇಕು, ಹಾಗೆ ಹೋಗುವಂತೆ ಫೋನು ಮಾಡಿ ಹೇಳಬೇಕಾದವನು ಅಣ್ಣ.